ಹೋಸಿಯತ್ ಅಕ್ಕನ ಅತಿಥಿಕೋಣೆಯ ಸೂರು

ಹೋಸಿಯತ್ ಅಕ್ಕನ ಅತಿಥಿಕೋಣೆಯ ಸೂರನ್ನು ಹಾಳು ಮಾಡಿದವನು ನಾನು. ಎಲ್ಲರೂ ಸೇರಿ ಮಾಡಿದೆವು ಎಂದು ಓಣಿಯವರು ಹೇಳುತ್ತಾರೆ. ಅದು ಅವರ ದೊಡ್ಡತನ. ಉಜ್ಜುಕಾಗದ ಹಿಡಿದಿದ್ದ ಕೈ ನನ್ನದು.

ಮರ್ಗಿಲಾನ್ ಪಟ್ಟಣಕ್ಕೆ ಹೋಗುವ ದಾರಿಯ ನಮ್ಮ ಸಣ್ಣ ಊರಿನಲ್ಲಿ ಮಣ್ಣಿನ ಮನೆಗಳ ಓಣಿ ಅದೊಂದೇ ಉಳಿದಿತ್ತು. ಮಿಕ್ಕದ್ದೆಲ್ಲ ಮೊದಲು ನಾಲ್ಕಂತಸ್ತಿನ ಇಟ್ಟಿಗೆ ಪೆಟ್ಟಿಗೆಗಳಾದವು, ಆಮೇಲೆ ನೀಲಿ ಗಾಜಾದವು. ಈಗ ಓಣಿಯ ಮೇಲೆ ಅಗಲ ರಸ್ತೆ ಬರುವುದಿತ್ತು. ಸರ್ಕಾರ ಕಾಪಾಡುವ ಹಳೆಯ ಕಟ್ಟಡಗಳ ಪಟ್ಟಿಗೆ ಒಂದೇ ಒಂದು ಮನೆ ಸೇರಿದರೂ ರಸ್ತೆ ಬಳಸಿಕೊಂಡು ಹೋಗುತ್ತದೆ ಎಂದರು.

ಆ ಪಟ್ಟಿಗಾಗಿ ಹೋಸಿಯತ್ ಅಕ್ಕನ ಮನೆ ನೋಡಲು ಬಂದವಳು ಜುಲೈಖಾ, ಕಟ್ಟಡಗಳ ಚರಿತ್ರೆ ಓದಿದವಳು. ಗಾರೆಯವನೆಂದು ಏಣಿ ಹಿಡಿಯಲು ನನ್ನನ್ನು ಕರೆದಿದ್ದರು. ಅವಳು ಸೂರಿನ ಪಾಪ್ಲರ್ ಮರದ ತೊಲೆಗಳ ಮೇಲೆ ಟಾರ್ಚು ಹಾಯಿಸಿದಳು.

"ಈ ಮಸಿ ಯುದ್ಧದ ವರ್ಷಗಳದು. ಎಷ್ಟು ಸಂಸಾರ ಇತ್ತು ಇಲ್ಲಿ?"

"ಐದು," ಎಂದಳು ಹೋಸಿಯತ್ ಅಕ್ಕ. "ಎಲ್ಲಿಂದಲೋ ರೈಲಲ್ಲಿ ಬಂದೋರು. ಇಲ್ಲೇ ಒಲೆ ಹಚ್ತಿದ್ರಂತೆ."

"ಮಸಿ ಕೆಳಗೆ ಕೆಂಪು ಬಣ್ಣ ಕಾಣ್ತದಲ್ಲ, ಅದು ಮಸಿಗಿಂತ ಇನ್ನೂ ಅರವತ್ತು ವರ್ಷ ಹಿಂದಿನದು. ಗುರುವಾರ ಪಟ್ಟಿ ಮಾಡೋ ಸಮಿತಿಯವರನ್ನ ಕರ್ಕೊಂಡು ಬರ್ತೀನಿ. ಏನೂ ಮುಟ್ಟಬೇಡಿ ಅಕ್ಕಾ, ಹೇಗಿದೆಯೋ ಹಾಗೇ ಇರ್ಲಿ."

ಬಾಗಿಲು ದಾಟುವಾಗ ಮತ್ತೆ ತಿರುಗಿದಳು. "ನಮಗಾಗಿ ಏನೂ ಮಾಡಬೇಡಿ."

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ಈ ಮಾತು ಬಂತು. ಓಣಿಗೆ ಹಿರಿಯನಾದ ಎರ್ಗಶ್ ಅಜ್ಜ ಗಡ್ಡ ಕುಣಿಯುವಂತೆ ನಕ್ಕ.

"ಏನೂ ಮಾಡಬೇಡಿ ಅಂದಳಾ? ಒಳ್ಳೇ ಮನೆ ಹುಡುಗಿ. ಇನ್ನೇನು, ಕುರಿ ಕಡೀರಿ ಅಂತಾಳಾ?" ರೊಟ್ಟಿಯಂಗಡಿಯ ಮಮಸೋಲಿಯ ಹೊಟ್ಟೆಗೆ ತಿವಿದ. "ಇವನೂ ನಮ್ಮನೆಗೆ ಬಂದರೆ ಹೊಟ್ಟೆ ತುಂಬಿದೆ ಅಂತಾನೆ. ಆಮೇಲೆ ಮೂರು ತಟ್ಟೆ ಪಲಾವು!"

"ಮೂರನೇದು ನೀವು ಬಲವಂತ ಮಾಡಿದ್ದು, ಅಜ್ಜಾ."

"ಮಸಿ ಹಿಡಿದ ಕೋಣೇಲಿ ಅತಿಥಿಗಳನ್ನ ಕೂರಿಸಿದರೆ ಓಣಿ ಮಾನ ಏನಾಗ್ತದೆ? ನಾಳೆ ಎಲ್ಲ ಕೈ ಹಚ್ಚಬೇಕು."

ನಮ್ಮಲ್ಲಿ ಅತಿಥಿಯ 'ಬೇಡ' ಅಂದರೆ ತಳ್ಳಿದರೆ ತೆರೆಯುವ ಬಾಗಿಲು. ಆದರೆ ನಾನು ಅವಳ ದನಿ ಕೇಳಿದ್ದೆ. ಕವಿಗೋಷ್ಠಿಗಳಲ್ಲಿ ಅಪ್ಪನ ಬೆನ್ನ ಹಿಂದೆ ಕೂತು ಪದ್ಯ ಕೇಳುತ್ತ ಬೆಳೆದ ಕಿವಿ ಇದು. ದನಿ ಎಲ್ಲಿ ಅಲಂಕಾರಕ್ಕೆ ಬಾಗುತ್ತದೆ, ಎಲ್ಲಿ ನಿಜವಾಗಿ ಬೇಡುತ್ತದೆ ಎಂದು ಅದಕ್ಕೆ ತಿಳಿಯುತ್ತದೆ. ಅವಳು ಬೇಡಿಕೊಂಡಿದ್ದಳು. ಹಿರಿಯನಿಗೆ ಎದುರಾಡಬಾರದೆಂದು ನಾನು ಚಹಾ ಕುಡಿದೆ.

ಎರಡು ದಿನ ನಲವತ್ತು ಜನ ದುಡಿದರು. ಹೆಂಗಸರು ಗೋಡೆಗೆ ಸುಣ್ಣ ಬಳಿದರು, ಗಂಡಸರು ಕೆತ್ತನೆಯ ಬಾಗಿಲಿಗೆ ಎಣ್ಣೆಬಣ್ಣ ಹಚ್ಚಿದರು. ಸೂರು ನನ್ನ ಪಾಲಿಗೆ ಬಂತು. ಬಿಸ್ಮಿಲ್ಲಾ ಎಂದು ಉಜ್ಜಿದೆ. ಮಸಿ ಉದುರಿತು, ಅದರೊಡನೆ ಕೆಂಪೂ ಉದುರಿ ನನ್ನ ಹುಬ್ಬಿನ ಮೇಲೆ ಕೂತಿತು. ಹೊಸ ಹಸಿರು, ಹೊಸ ಕೆಂಪು ಬಳಿದೆ. ಕೈ ಒಳ್ಳೆಯ ಹದದಲ್ಲಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಾನು ಖುಷಿಯಲ್ಲಿದ್ದೆ.

ಗುರುವಾರ ರೊಟ್ಟಿ, ಚೆರ್ರಿ ಹಣ್ಣು ಹರವಿದ್ದೆವು. ಸಮಿತಿಯ ಮುಖ್ಯಸ್ಥ ತಲೆಯೆತ್ತಿ ನೋಡಿದ.

"ಚೆನ್ನಾಗಿದೆ. ಯಾವಾಗಿನ ಕೆಲಸ?"

"ನಿನ್ನೇದೇ, ಸಾಹೇಬ್ರೇ!" ಎರ್ಗಶ್ ಅಜ್ಜ ಎದೆಯುಬ್ಬಿಸಿದ. "ನಿಮಗೋಸ್ಕರ. ಕೆಲಸ ಮಾಡಿದ ನಮ್ಮ ಉಸ್ತಾ ಇವನೇ." ನನ್ನನ್ನು ಮುಂದಕ್ಕೆ ನೂಕಿದ.

ಮುಖ್ಯಸ್ಥ ನನ್ನ ಕೈ ಕುಲುಕಿದ. ಜುಲೈಖಾ ಸೂರಿನತ್ತ ಒಮ್ಮೆ ನೋಡಿದವಳು ಮತ್ತೆ ತಲೆಯೆತ್ತಲಿಲ್ಲ. ರೊಟ್ಟಿ ಮುರಿದಳು, ತಿನ್ನದೆ ಹಾಸುಬಟ್ಟೆಯ ಮೇಲಿಟ್ಟಳು. ಪಟ್ಟಿಗೆ ಸೇರಿಸಲು ಕೊಟ್ಟಿದ್ದ ಅರ್ಜಿಯ ಮೇಲೆ ಮುಖ್ಯಸ್ಥ ಒಂದು ಸಾಲು ಬರೆದ: ಹಳೆಯದೇನೂ ಉಳಿದಿಲ್ಲ.

ಹದಿನೈದು ದಿನಕ್ಕೆ ಓಣಿಯ ಗೋಡೆಗಳ ಮೇಲೆಲ್ಲ ಕೆಡವುವ ನಂಬರು ಬಿತ್ತು. ಹೋಸಿಯತ್ ಅಕ್ಕ ನನ್ನನ್ನು ಕರೆಸಿದಳು. ಏಣಿ ಆಗಲೇ ಗೋಡೆಗೊರಗಿತ್ತು.

"ಹಳೇ ಕೆಂಪು ಕೆಳಗೆ ಇದ್ದೇ ಇರ್ತದಲ್ಲ ಉಸ್ತಾ? ಸ್ವಲ್ಪ ಕೆರೆದು ತೋರಿಸಿದರೆ ಮತ್ತೆ ಬರ್ತಾರೇನೋ."

ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಹತ್ತಿದೆ. ಚಾಕುವಿನ ತುದಿಯಿಂದ ಕೆರೆದೆ. ಹಸಿರು ಸುರುಳಿಯಾಗಿ ಬಿತ್ತು. ಕೆಳಗೆ ಬರೀ ಬಿಳಿ ಮರ. ಪಕ್ಕದ ತೊಲೆ ಕೆರೆದೆ. ಬಿಳಿ. ಅದರಾಚೆಯದು. ಅದೂ ಬಿಳಿಯೇ.

ಅವಳು ಏಣಿ ಹಿಡಿದು ಮೇಲೆ ನೋಡುತ್ತಿದ್ದಳು. ನಾನು ನಾಲ್ಕನೆಯದಕ್ಕೆ ಕೈಚಾಚಿದೆ.

"ಸಾಕು ಬಿಡು ಉಸ್ತಾ," ಎಂದಳು ಮೆಲ್ಲಗೆ. "ಬಣ್ಣ ಹಾಳಾಗ್ತದೆ."