ಗುಂಡಿಯ ಪಾಲು

ಗುಂಡಿ ಎದೆಮಟ್ಟಕ್ಕೆ ಬಂದಿತ್ತು. ಕದಿರೇಶ್ ಒಳಗೆ ನಿಂತು ಗುದ್ದಲಿ ಎತ್ತುತ್ತಿದ್ದಾಗ ಮೇಲಿನಿಂದ ಮುನೇಶ್ ಕೈ ಚಾಚಿದ. ಕೈಯಲ್ಲಿ ಪ್ಲಾಸ್ಟಿಕ್ ಲೋಟ, ಲೋಟದ ತುಂಬ ಬ್ರಾಂದಿ.

"ತೀಸ್ಕೋರಾ. ಹಿಡ್ಕೋ ಬೇಗ."

"ಆಮೇಲೆ ಕಣೋ. ಇನ್ನೂ ತೋಡೋದಿದೆ."

"ಆಮೇಲೇನ್ಲಾ? ಎಲ್ರುದೂ ಆಯ್ತು, ನೀನೊಬ್ನೇ ಬಾಕಿ."

ಟೇಕಲ್ ಕಡೆಯ ಆ ಊರಿನಲ್ಲಿ ಗುಂಡಿ ತೋಡುವವರಿಗೆ ಸತ್ತವರ ಕಡೆಯಿಂದ ಬಾಟಲಿ ಬರಬೇಕು. ಮೊದಲು ಗುಂಡಿಗೆ ಒಂದಿಷ್ಟು ಚಿಮುಕಿಸಿ, ಆಮೇಲೆ ತೋಡಿದವರೆಲ್ಲ ಒಂದೇ ಲೋಟದಲ್ಲಿ ಕುಡಿಯಬೇಕು. ಕುಡಿಯದೆ ಉಳಿದವನಿಗೆ ಸತ್ತವನ ಮೇಲೆ ಹಳೇ ಸಿಟ್ಟಿತ್ತು ಎಂದು ಅರ್ಥ. ಈ ಕಾನೂನನ್ನು ಕುಡಿಯುವವರೇ ಮಾಡಿರಬೇಕು, ಸಂಶಯ ಬೇಡ. ಸತ್ತಿದ್ದ ಅಶ್ವತ್ಥಪ್ಪನವರು ಮಾತ್ರ ವರ್ಷಗಳಿಂದ ಹನಿ ಮುಟ್ಟಿದವರಲ್ಲ. ಯಾವುದೋ ದೇವರಿಗೆ ಹರಕೆ ಹೊತ್ತು ಬಿಟ್ಟಿದ್ದಾರೆ ಎಂದು ಊರು ನಂಬಿತ್ತು. ನಿನ್ನೆ ಸಂಜೆ ಡೇರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಬಾಟಲಿ ತಂದವರು ಅವರ ಅಣ್ಣ ನರಸಿಂಹಪ್ಪ. ಮಣ್ಣಿನ ಗುಡ್ಡೆಯ ಪಕ್ಕದಿಂದಲೇ ಕೇಳಿದರು, "ಏನಪ್ಪಾ ಕದಿರೇಶ, ನನ್ ತಮ್ಮ ನಿಂಗೇನ್ ಅನ್ಯಾಯ ಮಾಡಿದ್ದ?"

"ಅಯ್ಯೋ, ಹಂಗಲ್ಲ ದೊಡ್ಮಾವ."

"ಮತ್ತೆ? ಚರಂಡೀಲಿ ಬಿದ್ದಿದ್ದೋನ್ನ ನಾವೇ ಎತ್ಕೊಂಡು ಬಂದಿಲ್ವಾ? ಇವತ್ತೇನು ಮಡಿ?"

ಎಲ್ಲರೂ ನಕ್ಕರು. ಕದಿರೇಶನೂ ನಕ್ಕ. ಮೇಲಿನಿಂದ ವಾಸನೆ ಇಳಿಯುತ್ತಿತ್ತು. ಬಾಯಲ್ಲಿ ನೀರೂರಿತು. ತನ್ನ ಬಾಯಿಯ ಮೇಲೆಯೇ ಅವನಿಗೆ ಅಸಹ್ಯವಾಯಿತು.

*

ಕೋಲಾರದಲ್ಲಿ ಕುಡಿತ ಬಿಡುವವರ ಮೀಟಿಂಗ್ ನಡೆಯುತ್ತದೆ, ಶಾಲೆಯೊಂದರ ಹಿಂದಿನ ಕೋಣೆಯಲ್ಲಿ ಎಂದು ಹೆಂಡತಿ ಮುನಿಲಕ್ಷ್ಮಿ ಯಾರಿಂದಲೋ ತಿಳಿದು ಬಂದು ಹಿಂದೊಮ್ಮೆ ಕದಿರೇಶನನ್ನು ಬಸ್ಸು ಹತ್ತಿಸಿದ್ದಳು. ಆಟೋದವನ ಹತ್ತಿರ ಕುಡುಕರ ಮೀಟಿಂಗ್ ಎನ್ನಲು ನಾಲಿಗೆ ಏಳಲಿಲ್ಲ. ಟೊಮೆಟೊ ಬೆಳೆಗಾರರ ಮೀಟಿಂಗ್ ಎಂದ. ಆಟೋದವನು ನೇರ ಟೊಮೆಟೊ ಮಾರ್ಕೆಟ್ಟಿಗೆ ತಂದು ಇಳಿಸಿದ. ಅಲ್ಲಿಂದ ನಡೆದು ಬಂದು ಶಾಲೆಯ ಗೇಟಿನ ಮುಂದೆ ಹೋಗುವುದು, ತಿರುಗುವುದು, ಮತ್ತೆ ಹೋಗುವುದು ಮಾಡುತ್ತಿದ್ದಾಗ ಒಳಗಿನಿಂದ ತನ್ನ ಊರಿನ ಅಶ್ವತ್ಥಪ್ಪನವರೇ ಬಂದುಬಿಡಬೇಕೆ!

"ಏನೋ ಇಲ್ಲಿ?"

"ಟೊಮೆಟೊ ರೇಟ್ ಕೇಳೋಣ ಅಂತ ಮಾವ."

"ನಾನೂ ಮೊದ್ಲು ಬಂದಾಗ ಹಿಂಗೇ ಏನೋ ಬುರುಡೆ ಬಿಟ್ಟಿದ್ದೆ. ಬಾ, ಟೀ ಆರೋಗ್ತದೆ."

ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮೊಣಕಾಲು ಮಡಿಸಿಕೊಂಡು ಕೂತಿದ್ದರು. "ನಾನು ಅಶ್ವತ್ಥ, ಕುಡುಕ" ಎಂದು ಮಾವ ವಿಳಾಸ ಹೇಳುವಷ್ಟು ಸಲೀಸಾಗಿ ಹೇಳಿದರು. ಕದಿರೇಶನಿಗೆ ಅಳು ಬಂತು. ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಹೇಳಿದ್ದು ಇಷ್ಟೇ: "ಇಲ್ಲಿ ನೋಡಿದ್ದು ಇಲ್ಲೇ ಇರ್ಲಿ. ಕುಡೀಬೇಕು ಅನ್ನಿಸಿದ್ರೆ ಫೋನ್ ಮಾಡು, ಯಾವ ಹೊತ್ತಾದ್ರೂ ಸರಿ."

ಮದುವೆ ಮನೆಗಳಿಂದ, ಬಾರಿನ ಎದುರಿನಿಂದ, ಹೆಂಡತಿಯ ಜೊತೆ ಜಗಳವಾಡಿ ರಸ್ತೆಯಿಂದ ಅವನು ಫೋನ್ ಮಾಡಿದ್ದ. ಹಾಲು ಕರೆಯುತ್ತಲೇ ಮಾವ ಮಾತಾಡುತ್ತಿದ್ದರು. ಬುದ್ಧಿ ಹೇಳುತ್ತಿರಲಿಲ್ಲ. ಆಸೆ ಇಳಿಯುವವರೆಗೂ ಏನೇನೋ ಮಾತಾಡಿಸುತ್ತಿದ್ದರು.

*

"ಒಂದಕ್ಕೆ ಹೋಗ್ಬಂದ್ಬಿಡ್ತೀನಿ" ಎಂದು ಕದಿರೇಶ್ ಗುಂಡಿಯಿಂದ ಮೇಲೆ ಬಂದು ನೀಲಗಿರಿ ಮರಗಳ ಹಿಂದೆ ಹೋದ. ಬೆರಳು ತನ್ನ ಪಾಡಿಗೆ ಮಾವನ ನಂಬರ್ ಒತ್ತಿತು. ರಿಂಗ್ ಆದ ಮೇಲೆಯೇ ಅವನಿಗೆ ಎಚ್ಚರವಾಗಿದ್ದು. ಅಷ್ಟರಲ್ಲಿ ಆ ಕಡೆ ಯಾರೋ ಎತ್ತಿದರು. ಹಿಂದೆ ತಮಟೆ, ಹೆಂಗಸರ ಅಳು.

"ಕದಿರೇಶನಾ?" ಅಶ್ವತ್ಥಪ್ಪನವರ ಹೆಂಡತಿ ಚಿಕ್ಕಗಂಗಮ್ಮನವರ ದನಿ. ಅತ್ತು ಅತ್ತು ಒಡೆದಿತ್ತು.

"ತಪ್ಪಿ ಮಾಡ್ಬಿಟ್ಟೆ ಅತ್ತೆ. ಮಡಗ್ತೀನಿ."

"ಮಡಗ್ಬೇಡ. ಕುಡಿದ್ಯಾ?"

ಅವನು ಫೋನನ್ನು ಕಿವಿಗೆ ಒತ್ತಿಕೊಂಡ.

"ಅವ್ರು ನಿನ್ ಜೊತೆ ಮಾತಾಡ್ತಿದ್ರೆ ಹಸು ಹಿಡ್ಕೊಂಡು ನಿಂತಿದ್ದೋಳು ನಾನೇ ಕಣೋ. ಹೇಳು, ಕುಡಿದ್ಯಾ?"

"ಇಲ್ಲ. ಲೋಟ ಹಿಡ್ಕೊಂಡು ಕಾಯ್ತಾವ್ರೆ. ಬೇಡ ಅಂದ್ರೆ ಮಾವನ ಮೇಲೆ ಸಿಟ್ಟು ಅಂತಾರೆ. ನಂಗೂ ಬೇಕು ಅನ್ನಿಸ್ತಿದೆ ಅತ್ತೆ. ಇನ್ ಯಾರಿಗೆ ಹೇಳ್ಲಿ ನಾನು?"

"ಅಲ್ಲೇ ಇರು. ಬರ್ತೀನಿ."

"ಮಾವನ್ನ ಬಿಟ್ಟು ಹೆಂಗ್..."

"ಅವ್ರು ಎಲ್ಲೂ ಹೋಗಲ್ಲ. ನೀನು ಹೋಗ್ಬೇಡ."

ಆ ಊರಿನ ಹೆಂಗಸರು ಮಣ್ಣು ಮಾಡುವ ಜಾಗಕ್ಕೆ ಕಾಲಿಟ್ಟವರಲ್ಲ. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಚಿಕ್ಕಗಂಗಮ್ಮ ಬರಿಗಾಲಲ್ಲಿ ಬರುವುದನ್ನು ಕಂಡು ನರಸಿಂಹಪ್ಪ ಎದ್ದು ನಿಂತರು. ಕೊನೆಯ ಸಲವೆಂದು ಹೆಂಗಸರು ಮುಡಿಸಿದ್ದ ಹೂವು, ಹಣೆಯ ತುಂಬ ಕುಂಕುಮ. ಹಿಂದೆ ಇಬ್ಬರು "ಬಾರಮ್ಮ, ಹೋಗಬಾರ್ದು" ಎಂದು ಕೂಗುತ್ತಾ ಓಡಿ ಬರುತ್ತಿದ್ದರು. ಕದಿರೇಶ್ ಮರಗಳ ಹಿಂದಿನಿಂದ ಚಿಕ್ಕಗಂಗಮ್ಮನವರ ಪಕ್ಕಕ್ಕೆ ಬಂದ.

"ಏನಮ್ಮಾ ಇದು?" ಎಂದರು ನರಸಿಂಹಪ್ಪ.

ಚಿಕ್ಕಗಂಗಮ್ಮ ಕದಿರೇಶನ ಗುದ್ದಲಿ ತೆಗೆದುಕೊಂಡು ಗುಂಡಿಯ ಅಂಚಿಗೆ ಒಂದೇಟು ಹಾಕಿದರು. ಒಂದು ಹೆಂಟೆ ಒಳಗೆ ಬಿತ್ತು.

"ತೋಡ್ದೋರು ಕುಡೀಬೇಕು, ಅಲ್ವಾ? ಕದಿರೇಶನ ಪಾಲು ನಂಗೆ ಕೊಡು ಮುನೇಶ. ನಾನು ಕೇಳ್ದೆ ಅಂತ ಬಿಟ್ಕೊಟ್ಟ."

ಮುನೇಶ್ ದೊಡ್ಡವರ ಮುಖ ನೋಡಿದ. ಗಂಡ ಕುಡಿದು ಬರುತ್ತಿದ್ದ ಕಾಲದಲ್ಲಿ ಆ ವಾಸನೆಗೆ ದನದ ಹಟ್ಟಿಯಲ್ಲಿ ಹೋಗಿ ಮಲಗುತ್ತಿದ್ದ ಹೆಂಗಸು ಲೋಟ ಇಸಿದುಕೊಂಡು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಕುಡಿದರು. ಕೆಮ್ಮು ಒತ್ತರಿಸಿ ಬಂತು. ಬ್ರಾಂದಿ ಗದ್ದದಿಂದ ಹೊಸ ಸೀರೆಯ ಮೇಲೆ ಇಳಿಯಿತು. ಬಗ್ಗಿ ಬಗ್ಗಿ ಕೆಮ್ಮುತ್ತಿದ್ದರೂ ಅವರ ಎಡಗೈ ಕದಿರೇಶನ ಮಣಿಕಟ್ಟನ್ನು, ಬಳೆಗಳು ಅವನ ಚರ್ಮಕ್ಕೆ ಒತ್ತುವಷ್ಟು ಬಿಗಿಯಾಗಿ, ಹಿಡಿದೇ ಇತ್ತು.