ನಿಂತ ಕತ್ತೆಗೆ ಪ್ರದಕ್ಷಿಣೆ

ನನ್ನ ನೆನಪು ಕೆಟ್ಟಿದೆ ಎಂದು ಊರಿನ ಮೊಬೈಲ್ ಗುಂಪಿನಲ್ಲಿ ಬರೆದವರು ಯಾರೋ, ಬಾಯಿ ಮುಚ್ಚಿಕೊಂಡು ಇದನ್ನು ಪೂರ್ತಿ ಕೇಳಿ. ನಾವು ಕತ್ತೆಗೆ ಪ್ರದಕ್ಷಿಣೆ ಹಾಕಿದ ಮೊದಲ ವರ್ಷ ಹಗ್ಗ ಹಿಡಿದದ್ದು ಮ್ಯೂಸಿಯಂ ನಿರ್ದೇಶಕರೇ ಎಂದರೆ ನಗುತ್ತೀರಾ? ಆ ಹಗ್ಗ ತಂದವನೇ ನಾನು.

ಐನೂರು ವರ್ಷದ ಹಿಂದೆ ನಮ್ಮೂರಿನ ಲಿಂಡನ್ ಮರದಲ್ಲಿ ಕೆತ್ತಿದ ಕತ್ತೆ ಅದು. ಬೆನ್ನ ಮೇಲೆ ಕೈ ಎತ್ತಿದ ಯೇಸು, ಕಾಲಡಿ ಚಕ್ರ. ಪಟ್ಟಣದ ಮ್ಯೂಸಿಯಂನಲ್ಲಿ ಯೇಸುವಿನ ತಾಯಿ ಮರಿಯಮ್ಮನ ಹಳೆಯ ಮೂರ್ತಿಯ ಪಕ್ಕ, ರೆಕ್ಕೆ ಮುರಿದ ಬರೋಕ್ ಕಾಲದ ದೇವದೂತನ ಎದುರು ನಿಂತಿರುತ್ತದೆ. ಆದರೆ ಯೇಸು ಕತ್ತೆಯೇರಿ ಬಂದ ನೆನಪಿನ ಗರಿಗಳ ಭಾನುವಾರ ಮಾತ್ರ ಅದು ನಮ್ಮದು. ಹಗ್ಗ ಕಟ್ಟಿ ಊರೆಲ್ಲ ಎಳೆಯುತ್ತಿದ್ದೆವು. ಅವತ್ತು ಕೊನೆಗೆ ಎದ್ದು ಬಂದವರೇ ಆ ವರ್ಷದ ಕತ್ತೆ. ಎಲ್ಲರ ನಗೆ ಸಹಿಸಿಕೊಂಡು ಹಗ್ಗದ ಮುಂತುದಿ ಹಿಡಿಯಬೇಕು.

ಆ ವರ್ಷ ಹೊಸ ನಿರ್ದೇಶಕರು, ಉತ್ತರ ಜರ್ಮನಿಯ ಡಾಕ್ಟರ್ ಹೆನ್ನಿಂಗ್, ಕೊಡುವುದಿಲ್ಲ ಎಂದರು.

"ಚಕ್ರದ ಅಚ್ಚು ಬಿರುಕು ಬಿಟ್ಟಿದೆ. ಒಂದು ಕಲ್ಲು ತಗುಲಿದ್ರೂ ಯೇಸು ನೆಲಕ್ಕೆ ಬೀಳ್ತಾರೆ."

ನಾನೇ ಬಗ್ಗಿ ನೋಡಿದೆ. ಬಿರುಕು ನಿಜ. ಯುದ್ಧದ ವರ್ಷಗಳಲ್ಲೂ ನಿಲ್ಲದ ಮೆರವಣಿಗೆ ನನ್ನ ಕಾಲಕ್ಕೆ ನಿಲ್ಲಬೇಕೇ?

ಬೇಕರಿಯ ವಾಲ್‌ಬುರ್ಗಾ ದಾರಿ ಹುಡುಕಿದಳು. "ಕತ್ತೆ ಊರು ಸುತ್ತಕ್ಕಾಗಲ್ಲ ಅಂದ್ರೆ ಊರೇ ಕತ್ತೆ ಸುತ್ತಲಿ. ನಮ್ಮ ಅಚ್ಚು ಗಟ್ಟಿಯಾಗೇ ಇದ್ಯಲ್ಲ."

"ನಿಂದು ಗಟ್ಟಿ. ನನ್ನ ಮಂಡಿ ಕೇಳಿ ನೋಡು," ಎಂದೆ.

ಏನನ್ನೂ ಮುಟ್ಟಬಾರದು, ಒಂಬತ್ತಕ್ಕೆ ಬಾಗಿಲು ತೆಗೆಯುತ್ತೇನೆ ಎಂದು ಹೆನ್ನಿಂಗ್ ಒಪ್ಪಿದರು. ಕತ್ತೆ ಎನಿಸಿಕೊಳ್ಳಲು ಯಾರಿಗೆ ಇಷ್ಟ? ಬೆಳಕು ಹರಿಯುವ ಮೊದಲೇ ಊರಿಗೆ ಊರೇ ಗರಿಯ ಬದಲು ಮೊಗ್ಗಿನ ರೆಂಬೆ ಹಿಡಿದು ಗೇಟಿನ ಮುಂದೆ ನಿಂತಿತ್ತು. ಒಂಬತ್ತಕ್ಕೆ ಸರಿಯಾಗಿ ಬೀಗದ ಕೈ ಆಡಿಸುತ್ತಾ ಹೆನ್ನಿಂಗ್ ಬಂದರು.

"ಬಂತು ನೋಡ್ರಪ್ಪಾ ಈ ವರ್ಷದ ಕತ್ತೆ," ಎಂದಳು ವಾಲ್‌ಬುರ್ಗಾ.

ಅವರ ಮುಖ ಕೆಂಪಾಯಿತು. "ಏನಂದ್ರಿ?"

"ಬೈದಿದ್ದಲ್ಲ ಡಾಕ್ಟ್ರೇ. ಕೊನೆಗೆ ಬಂದವ್ರು ಹಗ್ಗ ಹಿಡೀಬೇಕು, ಅದು ನಮ್ಮೂರ ಪದ್ಧತಿ."

"ನಾನು ಹೇಳಿದ ಟೈಮಿಗೇ ಬಂದಿದೀನಲ್ಲ."

"ಪ್ರತಿ ವರ್ಷದ ಕತ್ತೆಯೂ ಇದನ್ನೇ ಹೇಳೋದು," ಎಂದೆ ನಾನು.

ಅವರು ನಮ್ಮನ್ನೊಮ್ಮೆ ನೋಡಿದರು. ಆಮೇಲೆ ಕೋಟು ಬಿಚ್ಚಿ ಹಗ್ಗವನ್ನು ಹೆಗಲಿಗೆ ಹಾಕಿಕೊಂಡರು. ಎಳೆಯಲು ಏನೂ ಇಲ್ಲದ ಹಗ್ಗ. ಅವರು ಮುಂದೆ, ನಾವು ಹಿಂದೆ, ಹಾಡುತ್ತಾ ಒಳಗೆ ಕತ್ತೆಗೆ ಮೂರು ಸುತ್ತು ಬಂದೆವು. ಗಾಜಿನ ಕಪಾಟುಗಳು ನಡುಗಿದವು. ಕತ್ತೆ ಕದಲಲಿಲ್ಲ, ಮೆರವಣಿಗೆ ನಿಲ್ಲಲಿಲ್ಲ. ಇನ್ಯಾವ ಊರಿನವರು ಹೀಗೆ ಮಾಡಿದ್ದಾರೆ, ಹೇಳಿ.

ಈಗ ಪ್ರತಿ ವರ್ಷ ಹೆನ್ನಿಂಗ್ ಆ ಭಾನುವಾರದ ಹಿಂದಿನ ರಾತ್ರಿ ಮ್ಯೂಸಿಯಂನಲ್ಲೇ ಮಲಗುತ್ತಾರೆ, ಇನ್ನೊಮ್ಮೆ ಕತ್ತೆಯಾಗಬಾರದೆಂದು. ಹಾಗಾಗಿ ಈ ಸಲದ ಕತ್ತೆ ನಮ್ಮಲ್ಲೇ ಯಾರೋ. ಇದನ್ನು ಊರವರಿಗೆಲ್ಲ ಕಳಿಸಿ. ತಡವಾಗಿ ಏಳುವವರಿಗೆ ಮೊದಲು.