ಖಾಲಿ ಹೋಲ್ಡರ್

ಆ ಕೆಂಪು ಚುಕ್ಕೆ ನಡುಗುತ್ತಿದೆ, ಪರದೆಯ ಮೇಲಿನ ಗ್ರಾಫಿನ ಗೆರೆ ಹಿಡಿದು ದಾರಿ ತಪ್ಪಿದ ಇರುವೆಯ ಹಾಗೆ ತಡವರಿಸುತ್ತ ಸಾಗುತ್ತಿದೆ, ಮೇಡಂ ಕೈ ಮೊದಲಿಂದಲೂ ಹಾಗೆಯೇ, ಲೇಸರ್ ಹಿಡಿದರೂ ನಡುಗುತ್ತದೆ, ಚಹಾದ ಲೋಟ ಹಿಡಿದರೂ ನಡುಗುತ್ತದೆ, ಚಿಮಟದಲ್ಲಿ ಹರಳನ್ನು ಎತ್ತುವಾಗ ಮಾತ್ರ ಇಲ್ಲ, ಆಗ ಕಲ್ಲಿನ ಹಾಗೆ ನಿಲ್ಲುತ್ತದೆ, ಅದು ಹೇಗೋ ದೇವರಿಗೇ ಗೊತ್ತು — ಅಯ್ಯೋ, ಚುಕ್ಕೆ ಅಲ್ಲಿಗೇ ಹೋಗುತ್ತಿದೆ, ಆ ಪುಟ್ಟ ಪೀಕಿನ, ಗೆರೆಯ ಆ ಚೂಪು ಏರಿನ ಹತ್ತಿರ, ದೊಡ್ಡ ಪೀಕುಗಳ ನಡುವೆ ಕಾಲಿಗೆ ಚುಚ್ಚಿದ ಮುಳ್ಳಿನಷ್ಟೇ ಎದ್ದು ನಿಂತಿರುವ ಅದರ ಹತ್ತಿರ, ಆ ಗ್ರಾಫ್ ತೆಗೆದ ಅವಳು ಮೂರನೇ ಸಾಲಿನ ಕುರ್ಚಿಯಲ್ಲಿ ಇನ್ನಷ್ಟು ಕುಗ್ಗುತ್ತಾಳೆ. ಸಭಾಂಗಣ ತುಂಬಿದೆ, ಮೆಟ್ಟಿಲ ಮೇಲೂ ಹುಡುಗರು, ಪಕ್ಕದ ವಿಭಾಗದವರ ಮುಖವನ್ನು ಪಕ್ಕದ ವಿಭಾಗದವರೇ ನೋಡಿರದ ಈ ಮಹಾ ವಿಶ್ವವಿದ್ಯಾಲಯದಲ್ಲಿ ಇವತ್ತು ರಸಾಯನಶಾಸ್ತ್ರದವರೂ ಬಂದು ಕೂತಿದ್ದಾರೆ, ಯಾಕೆ ಬರಬಾರದು, ಈ ಹರಳಿನ ಎರಡು ಬಗೆಯ ಪರಮಾಣುಗಳು ಮನಸ್ಸಿಗೆ ಬಂದಂತೆ ಕೂತಿಲ್ಲ, ಒಂದು ಬಿಟ್ಟು ಒಂದು ಸಾಲಾಗಿ ಕೂತಿವೆ ಎಂದು ಮೇಡಂ ಎಷ್ಟೋ ಕಾಲದಿಂದ ಹೇಳುತ್ತಲೇ ಇದ್ದರು, ಎಲ್ಲರೂ ನಗುತ್ತಲೇ ಇದ್ದರು, ಸಾಲಾಗಿ ಕೂತಿದ್ದರೆ ಎಕ್ಸ್‌ರೇ ಹಾಯಿಸಿದಾಗ ಇಂಥ ಜಾಗದಲ್ಲಿ ಒಂದು ಸಣ್ಣ ಪೀಕ್ ಬರಬೇಕಲ್ಲ, ಎಲ್ಲಿ ತೋರಿಸಿ ಎನ್ನುತ್ತಿದ್ದರು, ಈಗ ಬಂದಿದೆ, ಬರಬೇಕಾದಲ್ಲೇ ಬಂದಿದೆ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮುಂದಿನ ಸಾಲಿನಲ್ಲಿ ಅಡ್ಡಪ್ರಶ್ನೆ ಮೇಷ್ಟ್ರು, ಮೊಸರಲ್ಲಿ ಕಲ್ಲು ಹುಡುಕುವ ಮಹಾನುಭಾವರು, ಅವರೂ ತಲೆದೂಗುತ್ತಿದ್ದಾರೆ, ಹಾಳಾದ ಮನುಷ್ಯ, ದಿನಾ ಬೇಡದ್ದು ಕೇಳುವವರಿಗೆ ಇವತ್ತು ಏನಾಗಿದೆ, ಇವತ್ತಾದರೂ ಒಂದು ಅಡ್ಡಪ್ರಶ್ನೆ ಕೇಳಬಾರದೇ, ಅವರು ಕೇಳಿದ್ದರೆ ಅವಳು ಹೇಳಬೇಕಾಗುತ್ತಿರಲಿಲ್ಲ.

ಹಸಿರು ಕ್ಲೇ, ಅಷ್ಟೇ, ಅಕ್ಕನ ಪುಟ್ಟ ಮಗಳ, ಮನೆಯಲ್ಲೆಲ್ಲ ಬಟಾಣಿ ಎಂದು ಕರೆಯುವವಳ, ಆಟದ ಡಬ್ಬಿಯಿಂದ ಕಿತ್ತುಕೊಂಡ ಒಂದು ಗೋಲಿಯಷ್ಟು ಕ್ಲೇ, ಚಿಕ್ಕಮ್ಮ ಅದು ನನ್ನ ಗಿಳಿ, ಗಿಳಿ ತಲೆ ಕೀಳ್ಬೇಡ, ಇರ್ಲಿ ಬಿಡೇ ಹೊಸ ಡಬ್ಬಿ ತಂದ್ಕೊಡ್ತೀನಿ ಅಂದಿದ್ದಳು, ಇನ್ನೂ ತಂದುಕೊಟ್ಟಿಲ್ಲ. ಹರಳಿನ ಚೂರನ್ನು ಹೋಲ್ಡರಿನ ಗುಳಿಯಲ್ಲಿ ಕೂರಿಸಬೇಕಾದರೆ ಅಡಿಗೆ ಕ್ಲೇ ಮೆತ್ತಬೇಕು, ಮೇಲ್ಮೈ ಸಮ ಬರಬೇಕು, ಲ್ಯಾಬಿನ ಬಿಳಿ ಕ್ಲೇ ಮುಗಿದಿತ್ತು, ಎಕ್ಸ್‌ರೇ ಯಂತ್ರ ಸಿಗುವುದೇ ಅಪರೂಪ, ಇಡೀ ಕಟ್ಟಡಕ್ಕೆ ಒಂದೇ ಯಂತ್ರ, ಈ ಸರದಿ ಬಿಟ್ಟರೆ ಮತ್ತೆ ಯಾವಾಗಲೋ, ಕ್ಲೇಯಲ್ಲಿ ಏನಿದೆ ಮಹಾ ಎಂದುಕೊಂಡಿದ್ದಳು. ಏನಿದೆ, ಸುಣ್ಣದ ಪುಡಿ ಇದೆ, ಆಟದ ಕ್ಲೇ ಮೈದುಂಬಿಕೊಳ್ಳಲಿ ಎಂದು ಬೆರೆಸುವ ಪುಡಿ, ಅದಕ್ಕೂ ತನ್ನದೇ ಪೀಕ್ ಇದೆ, ಅದೂ ಅದೇ ಜಾಗದಲ್ಲಿ, ಹರಳಿನ ಅಂಚು ದಾಟಿ ಹೋದ ಕಿರಣ ಗಿಳಿಯ ತಲೆಗೆ ಬಡಿದಿದೆ. ಮೇಡಂ ಹೇಳಿರಲಿಲ್ಲವೇ, ಮೊದಲ ದಿನವೇ ಹೇಳಿದ್ದರು, ಹರಳಿಡೋಕೆ ಮುಂಚೆ ಖಾಲಿ ಹೋಲ್ಡರ್ ನೋಡಮ್ಮ, ನಿನ್ನ ಯಂತ್ರ ನಿಂಗೆ ಏನು ಸುಳ್ಳು ಹೇಳುತ್ತೆ ಅಂತ ಮೊದಲು ತಿಳ್ಕೋ, ಕ್ಯಾಂಟೀನಿನಲ್ಲಿ ಎಲ್ಲರೂ ಅಣಕಿಸುತ್ತಿದ್ದರು, ನಮ್ಮ ಮೇಡಂ ಮಗು ತೂಗೋಕೆ ಮುಂಚೆ ತೊಟ್ಟಿಲು ತೂಗ್ತಾರೆ ಕಣ್ರೋ, ಅವಳೂ ನಕ್ಕಿದ್ದಳು, ನಕ್ಕರೂ ನೋಡಿದ್ದಳು, ಖಾಲಿ ಹೋಲ್ಡರನ್ನು ನೋಡಿದ್ದಳು, ಆದರೆ ಬಿಳಿ ಕ್ಲೇ ಇದ್ದ ಕಾಲದಲ್ಲಿ. ಇವತ್ತು ಬೆಳಿಗ್ಗೆ ಸುಮ್ಮನೆ, ನಿಜವಾಗಿಯೂ ಸುಮ್ಮನೆ, ಯಾರೋ ಸರದಿಗೆ ಬರಲಿಲ್ಲವೆಂದು, ಹರಳು ತೆಗೆದು ಹಸಿರು ಕ್ಲೇ ಮಾತ್ರ ಉಳಿದ ಹೋಲ್ಡರನ್ನೇ ಒಳಗಿಟ್ಟು ಕಿರಣ ಬಿಟ್ಟಳು, ದೊಡ್ಡ ಪೀಕುಗಳೆಲ್ಲ ಮಾಯ, ಅದೊಂದೇ ಎದ್ದು ನಿಂತಿತ್ತು, ಊರೆಲ್ಲ ಖಾಲಿಯಾದ ಮೇಲೂ ಬಾಗಿಲಲ್ಲಿ ನಿಂತವನ ಹಾಗೆ. ಓಡಿದಳು, ಎರಡೆರಡು ಮೆಟ್ಟಿಲು ಹಾರಿಕೊಂಡು ಓಡಿದಳು, ಮೇಡಂ ಒಂದ್ ಮಾತು, ಆಮೇಲೆ ಹೇಳಮ್ಮ, ಈ ಪ್ರೊಜೆಕ್ಟರ್ ಕೇಬಲ್ ಎಲ್ಲಿ ಸಿಕ್ಕಿಸ್ಬೇಕೋ ನೋಡು, ಮೇಡಂ ಹೊಸ ಸೀರೆ ಉಟ್ಟಿದ್ದರು, ಕೂದಲಿಗೆ ಬಣ್ಣ ಹಚ್ಚಿದ್ದರು, ಕಿವಿಯ ಹತ್ತಿರ ಚರ್ಮಕ್ಕೂ ಚೂರು ಅಂಟಿತ್ತು, ಏನೋ ಅಂದ್ಯಲ್ಲ ಏನದು, ಏನಿಲ್ಲ ಮೇಡಂ. ಏನಿಲ್ಲ! ಉಗುರಿನಲ್ಲಿ ಚಿವುಟಿ ಎಸೆಯಬಹುದಾಗಿದ್ದನ್ನು ಕೊಡಲಿ ಬೇಕಾಗುವಂತೆ ಬೆಳೆಸಿದವಳು ಅವಳೇ, ಈಗ ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನುಂಗಿದರೆ ಯಾರಿಗೆ ಗೊತ್ತಾಗುತ್ತದೆ, ಗಿಳಿಯ ತಲೆ ಹೋದದ್ದು ಬಟಾಣಿಗೆ ಮಾತ್ರ ಗೊತ್ತು, ಮೇಡಂ ಈ ವರ್ಷ ನಿವೃತ್ತರಾಗುತ್ತಾರೆ, ನಗುತ್ತಿದ್ದವರ ಬಾಯಿ ಮುಚ್ಚಿಸಿ ಹೋಗಲಿ, ಅವಳಿಗೂ ಪದವಿ ಬರಲಿ, ಅಮ್ಮ ಫೋನಿನಲ್ಲಿ ಇನ್ನೂ ಎಷ್ಟು ದಿನ ಓದ್ತೀಯೇ ಎಂದು ಕೇಳುವುದು ನಿಲ್ಲಲಿ — ಆಮೇಲೆ ಇನ್ಯಾವುದೋ ದೇಶದಲ್ಲಿ ಯಾರೋ ಇದೇ ಹರಳನ್ನು ಒಳ್ಳೆಯ ಕ್ಲೇಯಲ್ಲಿ ಕೂರಿಸುತ್ತಾರೆ, ಪೀಕ್ ಬರುವುದಿಲ್ಲ, ಆಗ ಮೇಡಂ ಒಬ್ಬರೇ ಮನೆಯಲ್ಲಿ ಕೂತು ಅದನ್ನು ಓದುತ್ತಾರೆ.

ಚಪ್ಪಾಳೆ, ಯಾಕೆ ಚಪ್ಪಾಳೆ, ಎಲ್ಲರೂ ಅವಳತ್ತ ತಿರುಗಿದ್ದಾರೆ, ಇದು ನನ್ನ ಕೆಲಸ ಅಲ್ಲ, ಈ ಹುಡುಗಿದು, ಬಾಮ್ಮ ಇಲ್ಲಿ, ನಾಚ್ಕೋಬೇಡ, ಮೇಡಂ ಕರೆಯುತ್ತಿದ್ದಾರೆ, ಕಾಲುಗಳು ಏಳುತ್ತವೆ, ಯಾರ ಕಾಲುಗಳೋ, ಮೈಕ್ ತಣ್ಣಗಿದೆ, ಉಗುರಿನ ಸಂದಿಯಲ್ಲಿ ಹಸಿರು, ಎಷ್ಟು ತೊಳೆದರೂ ಹೋಗದ ಹಸಿರು, ಮೇಡಂ ಮೈಕಿಗೆ ಬಾಗಿ ನಗುತ್ತ ಕೇಳುತ್ತಿದ್ದಾರೆ, ಎಲ್ಲರ ಮುಂದೆ ತಮ್ಮ ವಿದ್ಯಾರ್ಥಿಗಳನ್ನೆಲ್ಲ ಕೇಳುವುದನ್ನೇ, ಏನಮ್ಮ, ಖಾಲಿ ಹೋಲ್ಡರ್ ನೋಡಿದೀಯ ತಾನೇ, ಸಭೆ ಗೊಳ್ಳೆಂದು ನಗುತ್ತದೆ, ಎಲ್ಲರಿಗೂ ಗೊತ್ತಿರುವ ತಮಾಷೆ, ನೋಡಿದೀನಿ ಮೇಡಂ ಎಂದರೆ ಸಾಕು, ಸುಳ್ಳೂ ಅಲ್ಲ, ಎರಡು ಸಲ ನೋಡಿದ್ದಾಳೆ, ಮೊದಲನೆಯದನ್ನು ಹೇಳಿ ಹೋಗಿ ಕೂರಬಹುದು, ಕಿವಿಯ ಹತ್ತಿರದ ಆ ಬಣ್ಣವನ್ನು ಯಾರಾದರೂ ಒರೆಸಬಾರದಿತ್ತೇ — ನೋಡಿದೀನಿ ಮೇಡಂ, ಅವಳ ದನಿಯೇ, ಮೈಕಿನಲ್ಲಿ ದೊಡ್ಡದಾಗಿ ಕೇಳುತ್ತಿದೆ, ಇವತ್ತು ಬೆಳಿಗ್ಗೆ ಮತ್ತೆ ನೋಡಿದೆ, ಕ್ಲೇ ಬೇರೆ ಇತ್ತು, ನಾನೇ ಬದಲಾಯ್ಸಿದ್ದೆ. ನಗು ಅಲ್ಲಲ್ಲಿ ಇನ್ನೂ ಉಳಿದಿದೆ, ಮೇಡಂ ಮುಖದ ಮೇಲೂ ಉಳಿದಿದೆ. ಏನ್ ಬಂತಮ್ಮ. ಅದೇ ಬಂತು ಮೇಡಂ. ಅದೊಂದೇ ಬಂತು. ಮೇಡಂ ಅವಳನ್ನು ನೋಡಲಿಲ್ಲ, ಪರದೆಯತ್ತ ತಿರುಗಿದರು, ಕೈ ಎತ್ತಿದರು, ಅವಳೂ ತಿರುಗಿದಳು, ಕೆಂಪು ಚುಕ್ಕೆ, ಆ ಪುಟ್ಟ ಪೀಕಿನ ತುದಿಯ ಮೇಲೆ, ಕೆಂಪು ಚುಕ್ಕೆ, ನಡುಗುತ್ತಿಲ್ಲ.